ತಂತ್ರಾಂಶ ಸಂಸ್ಥೆಗಳು ಮತ್ತು ಹೊರಗಿನ ರಚನಕಾರರು: ಕನ್ನಡ ಶಾಲೆಗೆ ಸಂಬಂಧಿಸಿದ ಕೆಲವು ವಿಚಾರಗಳು

ಸಾಂಗಲಿ ಜಿಲ್ಲೆಯ ಜತ್ತ, ಮಿರಜ ಮೊದಲಾದ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಿಗೆ ಪಠ್ಯಪುಸ್ತಕಗಳು ಪುಣೆಯ ಬಾಲಭಾರತಿಯಿಂದ ಬರುತ್ತವೆ. ಪುಸ್ತಕದಲ್ಲಿ ಅಚ್ಚಾಗಿರುವ ಕಪ್ಪು-ಬಿಳಿ ಚೌಕಗಳ ಕ್ಯೂಆರ್ ಸಂಕೇತವನ್ನು ಶಿಕ್ಷಕರು ಮೊಬೈಲಿನಲ್ಲಿ ತೋರಿಸಿದರೆ ‘ದೀಕ್ಷಾ’ ಎಂಬ ವೇದಿಕೆ ತೆರೆದುಕೊಳ್ಳುತ್ತದೆ. ಈ ವೇದಿಕೆಯನ್ನು 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದು, ದೇಶಕ್ಕೆ ಸಮರ್ಪಿಸಲಾಯಿತು. ಅದರ ಅಡಿಪಾಯವಾದ ‘ಸನ್‌ಬರ್ಡ್’ ಎಂಬ ತಂತ್ರಾಂಶವು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ ಹುಟ್ಟಿದ್ದು. ಪ್ರತಿಷ್ಠಾನವು ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಬಳಸಬಹುದಾದ ಪರವಾನಗಿಯಡಿ ಬಹಿರಂಗವಾಗಿ ಇರಿಸಿದೆ. ಆದ್ದರಿಂದ ಸರಕಾರವು ಅದನ್ನು ಕೊಳ್ಳಬೇಕಾಗಲಿಲ್ಲ; ಹೊರಗಿನ ರಚನಕಾರರು ಅದಕ್ಕೆ ಕೈಜೋಡಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ತಂತ್ರಾಂಶವನ್ನು ಒಂದು ಸಂಸ್ಥೆ ಮಾಡುತ್ತದೆ, ಉಳಿದವರೆಲ್ಲ ಬಳಸುತ್ತಾರೆ ಎಂಬುದು ಸಾಮಾನ್ಯ ತಿಳಿವಳಿಕೆ. ವಸ್ತುಸ್ಥಿತಿ ಹಾಗಿಲ್ಲ. ದೊಡ್ಡ ತಂತ್ರಾಂಶಗಳಲ್ಲಿ ಹೆಚ್ಚಿನವು ಆ ಸಂಸ್ಥೆಯ ಸಂಬಳದಲ್ಲಿಲ್ಲದ ಸಾವಿರಾರು ಜನರ ದುಡಿಮೆಯನ್ನು ಆಧರಿಸಿ ನಿಂತಿವೆ. ವ್ಯವಹಾರದಲ್ಲಿ ಡೆವಲಪರ್ ಎಂದು ಕರೆಸಿಕೊಳ್ಳುವ ಈ ಹೊರಗಿನ ರಚನಕಾರರನ್ನು ಸಂಸ್ಥೆಗಳು ಹೇಗೆ ಒಲಿಸಿಕೊಳ್ಳುತ್ತವೆ, ಹೇಗೆ ಉಳಿಸಿಕೊಳ್ಳುತ್ತವೆ, ಕೆಲವೊಮ್ಮೆ ಹೇಗೆ ಕೈಬಿಡುತ್ತವೆ ಎಂಬುದು ಕನ್ನಡ ಶಾಲೆಗೆ ದೂರದ ವಿಷಯವೇನಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಕಾಣಿಸಿಕೊಂಡದ್ದೇ ಈ ಸಂಬಂಧದ ಫಲವಾಗಿ.

ಮಿರಜದ ಒಂದು ಉದಾಹರಣೆ

ಮಿರಜದ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಒಂದು ತಂಬೂರಿಯೂ ಮಿರಜದ ಒಂದೇ ಮನೆಯಲ್ಲಿ ಪೂರ್ತಿಯಾಗಿ ಹುಟ್ಟುವುದಿಲ್ಲ. ಬುರುಡೆಯ ಸೋರೆಕಾಯಿಯನ್ನು ಪಂಢರಪುರದ ಕಡೆಯ ರೈತರು ಬೆಳೆಯುತ್ತಾರೆ. ತಂತಿಯನ್ನು ಮತ್ತಾರೋ ಎಳೆಯುತ್ತಾರೆ. ಕುಶಲಕರ್ಮಿ ಮರ ಕೆತ್ತಿ ಜೋಡಿಸುತ್ತಾನೆ; ಜವಾರಿ ತೆಗೆಯುವ ಕೈ ಬೇರೆ ಇರಬಹುದು. ಒಬ್ಬರನ್ನೊಬ್ಬರು ನೋಡದವರ ಕೆಲಸ ಒಂದಕ್ಕೊಂದು ಹೊಂದುವುದು ಹೇಗೆ? ಅಳತೆ ಎಲ್ಲರಿಗೂ ತಿಳಿದಿರುವುದರಿಂದ.

ತಂತ್ರಾಂಶದಲ್ಲಿ ಈ ‘ಅಳತೆ’ಗೆ ಎಪಿಐ ಎಂದು ಹೆಸರು. ನಕ್ಷೆಯ ಸಂಸ್ಥೆಯೊಂದು ತನ್ನ ನಕ್ಷೆಯನ್ನು ಬೇರೆಯವರ ಆ್ಯಪ್‌ನಲ್ಲಿ ತೋರಿಸಲು ಬಿಡಬೇಕಾದರೆ, ಯಾವ ರೀತಿಯಲ್ಲಿ ಕೇಳಿದರೆ ಏನು ಸಿಗುತ್ತದೆ ಎಂಬ ಕರಾರನ್ನು ಮೊದಲೇ ಪ್ರಕಟಿಸುತ್ತದೆ. ಆ ಕರಾರೇ ಎಪಿಐ. ಒಳಗಿನ ಯಂತ್ರ ಹೇಗೆ ನಡೆಯುತ್ತದೆಂದು ಹೊರಗಿನವನಿಗೆ ತಿಳಿಯಬೇಕಿಲ್ಲ. ಅಳತೆ ತಪ್ಪದಿದ್ದರೆ ಸಾಕು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು. ತಂಬೂರಿಯ ಅಳತೆ ಯಾರೊಬ್ಬರ ಸ್ವತ್ತೂ ಅಲ್ಲ. ಎಪಿಐಯ ಅಳತೆಯನ್ನು ಅದರ ಒಡೆಯನು ಒಂದು ಬೆಳಗ್ಗೆ ಬದಲಿಸಬಲ್ಲನು.

ಸಂಬಂಧ ಬೆಳೆದ ಬಗೆ

ಹೊರಗಿನವರನ್ನು ಜೊತೆಗೆ ಕಟ್ಟಿಕೊಳ್ಳುವ ಉಪಾಯ ಕಂಪ್ಯೂಟರಿಗಿಂತ ಹಳೆಯದು. ಬೆಳಗಾವಿ ಸೀಮೆಯವರಾದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ, ಇಂದು ಸಾಂಗಲಿ ಜಿಲ್ಲೆಗೆ ಸೇರಿರುವ ಕಿರ್ಲೋಸ್ಕರವಾಡಿಗೆ ತಮ್ಮ ಕಾರ್ಖಾನೆಯನ್ನು ತಂದರು. ಕಬ್ಬಿಣದ ನೇಗಿಲನ್ನು ರೈತರು ಸುಲಭವಾಗಿ ನಂಬಲಿಲ್ಲ. ನೇಗಿಲು ಮಾಡಿದರಷ್ಟೇ ಸಾಲದು, ನಂಬುವ ಜನರನ್ನೂ ಗಳಿಸಬೇಕು. 1920ರಲ್ಲಿ ಆರಂಭವಾದ ‘ಕಿರ್ಲೋಸ್ಕರ ಖಬರ’ ಮೊದಲಿಗೆ ಕಾರ್ಖಾನೆಯ ಸುದ್ದಿಪತ್ರವೇ ಆಗಿತ್ತು. ಮುಂದೆ ಅದು ಮರಾಠಿಯ ಹೆಸರಾಂತ ಮಾಸಿಕವಾಗಿ ಬೆಳೆದದ್ದು ಬೇರೆ ಕಥೆ.

ಕಂಪ್ಯೂಟರಿನ ಕ್ಷೇತ್ರದಲ್ಲಿ ಆ್ಯಪಲ್ ಸಂಸ್ಥೆಯು 1984ರ ಜನವರಿಯಲ್ಲಿ ಮೆಕಿಂತೋಷ್ ಯಂತ್ರವನ್ನು ಹೊರತಂದಾಗ ಇದೇ ತೊಡಕನ್ನು ಎದುರಿಸಿತು. ಯಂತ್ರ ಎಷ್ಟೇ ಚೆಲುವಾಗಿರಲಿ, ಅದರಲ್ಲಿ ನಡೆಯುವ ತಂತ್ರಾಂಶಗಳಿಲ್ಲದಿದ್ದರೆ ಕೊಳ್ಳುವವರಿಲ್ಲ. ಕೊಳ್ಳುವವರಿಲ್ಲದಿದ್ದರೆ ತಂತ್ರಾಂಶ ಬರೆಯುವವರಿಲ್ಲ. ಈ ಸುತ್ತನ್ನು ಒಡೆಯಲೆಂದು ಸಂಸ್ಥೆಯು ‘ಇವ್ಯಾಂಜೆಲಿಸ್ಟ್’ ಎಂಬ ಹುದ್ದೆಯವರನ್ನು ನೇಮಿಸಿತು. ಗೈ ಕವಾಸಾಕಿ ಅವರಲ್ಲಿ ಪ್ರಸಿದ್ಧರು. ಹೊರಗಿನ ತಂತ್ರಾಂಶ ಸಂಸ್ಥೆಗಳ ಬಾಗಿಲಿಗೆ ಹೋಗಿ, ಯಂತ್ರವನ್ನು ತೋರಿಸಿ, ಅದಕ್ಕಾಗಿ ಬರೆಯಲು ಒಪ್ಪಿಸುವುದೇ ಇವರ ಉದ್ಯೋಗ. ಇಂದು ಹೆಚ್ಚಿನ ದೊಡ್ಡ ಸಂಸ್ಥೆಗಳಲ್ಲಿ ಇದಕ್ಕಾಗಿಯೇ ಒಂದು ವಿಭಾಗವಿರುತ್ತದೆ. ಕೈಪಿಡಿ ಬರೆಯುವುದು, ಮಾದರಿ ಸಂಕೇತಗಳನ್ನು ಒದಗಿಸುವುದು, ಉಪಕರಣಗಳನ್ನು ಉಚಿತವಾಗಿ ಕೊಡುವುದು, ಸಮಾವೇಶ ನಡೆಸುವುದು ಎಲ್ಲವೂ ಅದರ ಕೆಲಸ. ಗೂಗಲ್ ಸಂಸ್ಥೆ 2005ರಿಂದ ‘ಸಮ್ಮರ್ ಆಫ್ ಕೋಡ್’ ಎಂಬ ಯೋಜನೆಯಲ್ಲಿ ಮುಕ್ತ ತಂತ್ರಾಂಶಕ್ಕೆ ದುಡಿಯುವ ವಿದ್ಯಾರ್ಥಿಗಳಿಗೆ ಧನಸಹಾಯ ನೀಡುತ್ತಿದೆ. ಆ್ಯಪಲ್ 2017ರಲ್ಲಿ ಬೆಂಗಳೂರಿನಲ್ಲಿ ಆ್ಯಪ್ ರಚನಕಾರರ ತರಬೇತಿಗೆಂದೇ ಒಂದು ಕೇಂದ್ರ ತೆರೆಯಿತು.

ಇದು ಔದಾರ್ಯವಲ್ಲ. 2008ರ ಜುಲೈಯಲ್ಲಿ ಆ್ಯಪಲ್ ತನ್ನ ಆ್ಯಪ್ ಅಂಗಡಿಯನ್ನು ತೆರೆದಾಗ ಅಲ್ಲಿದ್ದ ಆ್ಯಪ್‌ಗಳು ಸುಮಾರು 500. ಹೊರಗಿನವರು ಬರೆದು ಮಾರಿದ ಪ್ರತಿ ಆ್ಯಪಿನ ಬೆಲೆಯಲ್ಲಿ ಶೇಕಡಾ 30 ಪಾಲು ಸಂಸ್ಥೆಗೆ ಸಲ್ಲಬೇಕೆಂಬುದು ಆರಂಭದಿಂದಲೂ ಕರಾರು. ಸಣ್ಣ ರಚನಕಾರರಿಗೆ ಅದು ಶೇಕಡಾ 15ಕ್ಕೆ ಇಳಿದದ್ದು 2021ರಲ್ಲಿ. ಸಾಂಗಲಿಯ ಅರಿಶಿನ ಪೇಟೆಯನ್ನು ಬಲ್ಲವರಿಗೆ ಅಡತಿಯ ಲೆಕ್ಕ ಹೊಸದಲ್ಲ. ಆದರೆ ಅಲ್ಲಿ ಒಬ್ಬ ದಲಾಲನು ಒಗ್ಗದಿದ್ದರೆ ಪಕ್ಕದ ಅಂಗಡಿಗೆ ಹೋಗಬಹುದು. ಐಫೋನಿನ ಆ್ಯಪಿಗೆ ಆ ಅನುಕೂಲ ಬಹುಕಾಲ ಇರಲೇ ಇಲ್ಲ.

ಕನ್ನಡ ಕಂಪ್ಯೂಟರಿಗೆ ಬಂದದ್ದು

ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಕನ್ನಡಕ್ಕೆ ಎಡೆಯೇ ಇಲ್ಲದ ಕಾಲದಲ್ಲಿ ಹೊರಗಿನ ರಚನಕಾರರೇ ದಾರಿ ಮಾಡಿದರು. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮಕ್ಕೆ ಹೊಂದುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದರು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕರ್ನಾಟಕದ ಕಚೇರಿಗಳಲ್ಲಿ ನೆಲೆಯೂರಿತು. ಒಳಗಿನ ಬಾಗಿಲು ಮುಚ್ಚಿದ್ದರಿಂದ ಇವರೆಲ್ಲ ಕಿಟಕಿಯಿಂದ ಬರಬೇಕಾಯಿತು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಗುಣಿತ, ಒತ್ತುಗಳ ತುಣುಕುಗಳನ್ನು ಕೂರಿಸಿದ ಫಾಂಟುಗಳು ಬಳಕೆಗೆ ಬಂದವು. ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷೇ. ಆ ಫಾಂಟಿಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಅನೇಕ ಶಾಲೆಗಳ ಹಳೆಯ ಪ್ರಶ್ನೆಪತ್ರಿಕೆಗಳು, ವರದಿಗಳು ಇಂದಿಗೂ ಈ ಸ್ಥಿತಿಯಲ್ಲಿ ಸಿಕ್ಕಿಬಿದ್ದಿವೆ.

ಪರಿಹಾರವು ಎಲ್ಲರೂ ಒಪ್ಪಿದ ಅಳತೆಯಿಂದ ಬಂದಿತು. ಯೂನಿಕೋಡ್ ಎಂಬ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡದ ಪ್ರತಿ ವರ್ಣಕ್ಕೂ ಸ್ವಂತ ಸಂಕೇತವಿದೆ. ಇದರ ಕ್ರಮ ವ್ಯಾಕರಣ ಶಿಕ್ಷಕರಿಗೆ ಹಿಡಿಸುವಂಥದ್ದು. ‘ಸ್ತ್ರೀ’ ಎಂಬ ಒಂದೇ ಅಕ್ಷರವು ಯಂತ್ರದೊಳಗೆ ಸ, ವಿರಾಮ, ತ, ವಿರಾಮ, ರ, ಈಕಾರ ಎಂಬ ಆರು ಸಂಕೇತಗಳಾಗಿ ಉಳಿಯುತ್ತದೆ. ‘ಸೂರ್ಯ’ ಎಂದು ಬರೆದಾಗ ರಕಾರವು ಯಕಾರಕ್ಕಿಂತ ಮೊದಲು ದಾಖಲಾಗುತ್ತದೆ, ಉಚ್ಚಾರದಲ್ಲಿ ಇರುವಂತೆಯೇ. ಮರಾಠಿಯಲ್ಲಿಯೂ ದಾಖಲೆಯ ಕ್ರಮ ಇದೇ. ವ್ಯತ್ಯಾಸವಿರುವುದು ತೆರೆಯ ಮೇಲೆ ಮಾತ್ರ: ದೇವನಾಗರಿಯಲ್ಲಿ ರೇಫವು ಯಕಾರದ ತಲೆಯ ಮೇಲೆ ಏರುತ್ತದೆ, ಕನ್ನಡದಲ್ಲಿ ಅರ್ಕಾವೊತ್ತಾಗಿ ಅದರ ಬಲಕ್ಕೆ ಕೂರುತ್ತದೆ. ಎರಡು ಲಿಪಿಗಳನ್ನೂ ದಿನವೂ ಬರೆಯುವ ಗಡಿಭಾಗದ ಮಕ್ಕಳಿಗೆ ಇದನ್ನು ಹಲಗೆಯ ಮೇಲೆ ಎದುರುಬದುರಾಗಿ ತೋರಿಸಬಹುದು.

ಆದರೆ ಸಂಕೇತ ಇದ್ದರಷ್ಟೇ ಸಾಲದು, ಕಾರ್ಯಾಚರಣ ವ್ಯವಸ್ಥೆ ಅದನ್ನು ಜೋಡಿಸಿ ತೋರಿಸಬೇಕು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳಿಗೆ ಈ ವ್ಯವಸ್ಥೆ ಬಂದಿತು. ಕನ್ನಡಕ್ಕೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಂದಿಗೆ. ಅಂದರೆ ಸಾಂಗಲಿಯ ಒಂದೇ ಕಂಪ್ಯೂಟರಿನಲ್ಲಿ ಮರಾಠಿ ಸರಿಯಾಗಿ ಕಾಣುತ್ತಿದ್ದು, ಕನ್ನಡ ಕಾಣದಿದ್ದ ಒಂದು ಅವಧಿ ಇತ್ತು. ಕನ್ನಡ ಫಾಂಟ್ ಹೇಗೆ ರಚಿಸಬೇಕೆಂಬ ನಿಯಮಗಳನ್ನೂ ಸಂಸ್ಥೆ ಪ್ರಕಟಿಸಿತು. ಇದರ ಬೆಲೆ ಮುಂದೆ ತಿಳಿಯಿತು. ಪುಣೆಯಲ್ಲಿ ಭಾಷಾ ತಂಡವನ್ನು ಹೊಂದಿದ್ದ ರೆಡ್‌ಹ್ಯಾಟ್ ಸಂಸ್ಥೆಯು ಬಹಿರಂಗಗೊಳಿಸಿದ ‘ಲೋಹಿತ್’ ಫಾಂಟುಗಳಲ್ಲಿ ಕನ್ನಡವೂ ಸೇರಿತು. ‘ಗುಬ್ಬಿ’, ‘ನವಿಲು’ ಮೊದಲಾದ ಮುಕ್ತ ಫಾಂಟುಗಳು ಹವ್ಯಾಸಿಗಳ ಕೈಯಿಂದಲೇ ಬಂದವು.

ಮೊಬೈಲಿನಲ್ಲಿ ಬಾಗಿಲು ತೆರೆಯುವ ಮತ್ತು ಮುಚ್ಚುವ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿದೆ. ಆಂಡ್ರಾಯ್ಡ್ ವ್ಯವಸ್ಥೆಯು ಹೊರಗಿನವರು ರಚಿಸಿದ ಕೀಲಿಮಣೆಗಳಿಗೆ 2009ರಲ್ಲಿಯೇ ಅವಕಾಶ ಕೊಟ್ಟಿತು. ಐಫೋನಿನಲ್ಲಿ ಆ ಅವಕಾಶ ದೊರೆತದ್ದು 2014ರಲ್ಲಿ. ಆ ಐದು ವರ್ಷಗಳಲ್ಲಿ ಒಂದು ಫೋನಿಗೆ ಕನ್ನಡ ಕೀಲಿಮಣೆ ಬೇಕೆನಿಸಿದ ರಚನಕಾರ ಅದನ್ನು ತಾನೇ ಬರೆದು ಹಂಚಬಹುದಿತ್ತು. ಇನ್ನೊಂದರಲ್ಲಿ ಸಂಸ್ಥೆಯ ಕೃಪೆಗಾಗಿ ಕಾಯಬೇಕಿತ್ತು. ಸಣ್ಣ ಭಾಷೆಗಳಿಗೆ, ದೊಡ್ಡ ಭಾಷೆಗಳ ಗಡಿಯಂಚಿನ ಜನರಿಗೆ, ಸಂಸ್ಥೆಯ ಒಳ್ಳೆಯ ಮನಸ್ಸಿಗಿಂತ ತೆರೆದ ಬಾಗಿಲು ಹೆಚ್ಚು ಆಧಾರವೆಂದು ಈ ಇತಿಹಾಸ ತೋರಿಸುತ್ತದೆ.

ಕೈಬಿಟ್ಟ ಪ್ರಸಂಗಗಳು

2011ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆಯು ತನ್ನ ಅನುವಾದ ಮತ್ತು ಲಿಪ್ಯಂತರ ಸೇವೆಗಳ ಎಪಿಐಗಳನ್ನು ನಿಲ್ಲಿಸುವ ತೀರ್ಮಾನವನ್ನು ಪ್ರಕಟಿಸಿತು. ಇಂಗ್ಲಿಷ್ ಕೀಲಿಮಣೆಯಲ್ಲಿ ಟೈಪಿಸಿದ್ದನ್ನು ಭಾರತೀಯ ಲಿಪಿಗೆ ಬದಲಿಸಲು ಈ ಸೇವೆಯನ್ನು ನೆಚ್ಚಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ವಿರೋಧ ಬಂದ ಮೇಲೆ ಅನುವಾದದ ಎಪಿಐ ಉಳಿಯಿತು, ಆದರೆ ಹಣಕ್ಕೆ. 2023ರ ಫೆಬ್ರವರಿಯಲ್ಲಿ ಟ್ವಿಟರ್ ತನ್ನ ಎಪಿಐಯ ಉಚಿತ ಬಳಕೆಯನ್ನು ಕೊನೆಗೊಳಿಸುವುದಾಗಿ ಘೋಷಿಸಿದಾಗ ಹೊರಗಿನವರಿಗೆ ಸಿಕ್ಕ ಕಾಲಾವಕಾಶ ಕೆಲವೇ ದಿನ. ಸಂಸ್ಥೆಗೂ ತನ್ನ ಖರ್ಚಿನ ಲೆಕ್ಕವಿರುತ್ತದೆ, ನಿಜ. ಆದರೆ ವರ್ಷಗಟ್ಟಲೆ ಕರೆದು ಕೂರಿಸಿದವರನ್ನು ವಾರದೊಳಗೆ ಎಬ್ಬಿಸುವುದು ಬೇರೆ ಮಾತು. ಇದಕ್ಕೆ ಹೋಲಿಸಿದರೆ ಸನ್‌ಬರ್ಡ್‌ನಂಥ ಮುಕ್ತ ತಂತ್ರಾಂಶದ ಸ್ಥಿತಿ ಭಿನ್ನ. ಅದನ್ನು ಹುಟ್ಟುಹಾಕಿದ ಸಂಸ್ಥೆ ನಾಳೆ ಹಿಂದೆ ಸರಿದರೂ ಮೂಲಸಂಕೇತವನ್ನು ಹಿಂದಕ್ಕೆ ಪಡೆಯಲಾಗದು. ನಡೆಸಿಕೊಂಡು ಹೋಗುವ ಕೈಗಳು ಬೇಕು, ಅಷ್ಟೆ.

ಶಿಕ್ಷಕರೂ ಹೊರಗಿನವರೇ

ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯಲ್ಲಿ ರಣಜಿತ್‌ಸಿಂಹ ಡಿಸಲೆಯವರು ಪಠ್ಯಪುಸ್ತಕಗಳಿಗೆ ಕ್ಯೂಆರ್ ಸಂಕೇತ ಅಂಟಿಸಿ ಪಾಠ ಮಾಡಿದ ಪ್ರಯೋಗವು ಸುಪರಿಚಿತ. 2020ರ ಡಿಸೆಂಬರಿನಲ್ಲಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂದಿತು. ಹತ್ತು ಲಕ್ಷ ಡಾಲರಿನ ಮೊತ್ತದಲ್ಲಿ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಅವರು ಹಂಚಿದರು. ಅದಕ್ಕೂ ಮೊದಲೇ ಮೈಕ್ರೋಸಾಫ್ಟ್ ಸಂಸ್ಥೆ ಅವರನ್ನು ತನ್ನ ‘ನವೀನ ಶಿಕ್ಷಕ ತಜ್ಞ’ರ ಬಳಗಕ್ಕೆ ಆಯ್ದುಕೊಂಡಿತ್ತು. ಡೆವಲಪರರಿಗಾಗಿ ಸಂಸ್ಥೆಗಳು ಬಳಸುವ ಮನ್ನಣೆ, ತರಬೇತಿ, ಸಮಾವೇಶಗಳ ಕ್ರಮವೇ ಶಿಕ್ಷಕರಿಗೂ ಅನ್ವಯವಾಗುತ್ತಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಇಂಥ ಬಳಗ ಸೇರುವುದರಲ್ಲಿ ತಪ್ಪಿಲ್ಲ, ಕಲಿಯಲು ಬಹಳವಿದೆ. ಸೇರುವ ಮೊದಲು ಕೇಳಬೇಕಾದ ಪ್ರಶ್ನೆ ಒಂದು: ಮಾಡಿದ ಪಾಠಗಳನ್ನು ಬೇಕಾದಾಗ ಹೊರತೆಗೆದು ಬೇರೆ ಕಡೆ ಇರಿಸಿಕೊಳ್ಳಲು ಬರುತ್ತದೆಯೇ? ಬರುವುದಾದರೆ, ಯೂನಿಕೋಡ್ ಕನ್ನಡದಲ್ಲಿ ಬರುತ್ತದೆಯೇ? ಮೇಲೆ ಹೇಳಿದ ಹಳೆಯ ಪ್ರಶ್ನೆಪತ್ರಿಕೆಗಳ ಗತಿ ಮತ್ತೆ ಬರಬಾರದು.

ತರಗತಿಯಲ್ಲಿ

ಏಳನೆಯ ಅಥವಾ ಎಂಟನೆಯ ತರಗತಿಯ ಕನ್ನಡ ಅವಧಿಗೆ ಒಂದು ಚಟುವಟಿಕೆಯನ್ನು ಇಲ್ಲಿ ಸೂಚಿಸಲಾಗಿದೆ. ಜತ್ತ ತಾಲೂಕಿನ ಬಿಳೂರ, ಮಾಡಗ್ಯಾಳ, ಸೊನ್ಯಾಳ ಎಂಬ ಊರುಗಳ ಹೆಸರುಗಳಲ್ಲಿ ಳಕಾರವಿದೆ. ಕನ್ನಡಕ್ಕೂ ಮರಾಠಿಗೂ ಈ ವರ್ಣ ಇದೆ, ಇಂಗ್ಲಿಷಿಗೆ ಇಲ್ಲ. ಆದ್ದರಿಂದ ಇಂಗ್ಲಿಷ್ ಕಾಗುಣಿತದಿಂದ ಯಂತ್ರವು ತಾನೇ ಕನ್ನಡಕ್ಕೆ ತಿರುಗಿಸಿದ ಕಡೆ ‘ಬಿಲೂರ’, ‘ಸೋನ್ಯಾಲ’ ಎಂಬಂಥ ರೂಪಗಳು ಮೂಡುವ ಸಂಭವವಿರುತ್ತದೆ. ವಿದ್ಯಾರ್ಥಿಗಳು ತಮ್ಮ ಊರು, ಓಣಿ, ಕೆರೆ, ಗುಡಿಗಳ ಹೆಸರನ್ನು ಹಿರಿಯರಿಂದ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಲಿ. ಬಳಿಕ ಮೊಬೈಲಿನ ನಕ್ಷೆಯಲ್ಲಿ ಅವು ಹೇಗಿವೆಯೆಂದು ನೋಡಲಿ. 2004ರಲ್ಲಿ ಆರಂಭವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಮುಕ್ತ ನಕ್ಷೆಯಲ್ಲಿ ಒಂದು ಊರಿಗೆ ಮರಾಠಿ, ಕನ್ನಡ, ಇಂಗ್ಲಿಷ್ ಹೆಸರುಗಳನ್ನು ಬೇರೆ ಬೇರೆಯಾಗಿ ದಾಖಲಿಸಲು ಅವಕಾಶವಿದೆ. ಶಿಕ್ಷಕರು ಖಾತೆ ತೆರೆದು ತಿದ್ದುಪಡಿಯನ್ನು ತಾವೇ ಸೇರಿಸಬಹುದು. ಖಾಸಗಿ ಸಂಸ್ಥೆಗಳ ನಕ್ಷೆಗಳಲ್ಲಾದರೆ ತಪ್ಪನ್ನು ವರದಿ ಮಾಡಬೇಕಾಗುತ್ತದೆ.

ವರದಿ ಬರೆಯುವುದೇ ಈ ಪಾಠದ ತಿರುಳು. ‘ನಕ್ಷೆ ಸರಿಯಿಲ್ಲ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ಸ್ಥಳವನ್ನು ನೋಡಲಾಯಿತು, ಅಲ್ಲಿ ಏನು ಕಂಡಿತು, ಏನು ಕಾಣಬೇಕಿತ್ತು, ಅದು ಸರಿಯೆಂಬುದಕ್ಕೆ ಆಧಾರವೇನು ಎಂಬ ನಾಲ್ಕು ಸಂಗತಿಗಳನ್ನು ಬಿಡಿಬಿಡಿ ವಾಕ್ಯಗಳಲ್ಲಿ, ದೂರುವ ಧಾಟಿಯಿಲ್ಲದೆ ಬರೆಯಬೇಕು. ಆಧಾರಕ್ಕೆ ಗ್ರಾಮ ಪಂಚಾಯತಿಯ ಫಲಕ, ಶಾಲೆಯ ಹೆಸರುಹಲಗೆ, ಬಸ್ಸಿನ ಮೇಲಿನ ಬರಹ ಯಾವುದಾದರೂ ಆಗಬಹುದು. ಫಲಕವು ಮರಾಠಿಯಲ್ಲಿದ್ದರೂ ಅಡ್ಡಿಯಿಲ್ಲ. ದೇವನಾಗರಿಯ ಳಕಾರವೂ ಅಷ್ಟೇ ಗಟ್ಟಿಯಾದ ಸಾಕ್ಷಿ. ಬರೆದದ್ದನ್ನು ಇನ್ನೊಬ್ಬ ವಿದ್ಯಾರ್ಥಿ ಓದಿ, ಆ ಊರನ್ನು ಕಾಣದವರಿಗೂ ತಪ್ಪು ತಿಳಿಯುತ್ತದೆಯೇ ಎಂದು ಪರೀಕ್ಷಿಸಲಿ. ಕಳುಹಿಸಿದ ದಿನಾಂಕವನ್ನು ತರಗತಿಯ ಗೋಡೆಯ ಮೇಲೆ ಬರೆದಿಟ್ಟು, ಉತ್ತರ ಬಂದ ದಿನವನ್ನು ಅದರ ಮುಂದೆ ತುಂಬಿಸಲು ಜಾಗ ಬಿಡಬೇಕು.