ಸಾಫ್ಟ್‌ನರ್ ಎಲ್ಲಿ ಕೂಡಿಸಬೇಕು? ಕೊಟ್ಟಿಗೆಯ ಪೈಪ್ ಕವಲೊಡೆದ ಮೇಲೆ

ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ, ಹಂಡೆಯ ತಳದಲ್ಲಿ ಬಿಳಿ ಗಾರೆ ಕಟ್ಟುತ್ತದೆ. ಇದು ನಮ್ಮ ಸದಸ್ಯೆಯರಿಗೆ ಹೊಸ ವಿಷಯವಲ್ಲ. ಅದೇ ಗಾರೆ ಹಾಲಿನ ಕ್ಯಾನಿನ ಒಳಮೈಗೂ, ಹಾಲು ಕರೆಯುವ ಯಂತ್ರದ ಕೊಳವೆಗೂ ಹಾಲಿನ ಅಂಶದೊಂದಿಗೆ ಸೇರಿ ಅಂಟುತ್ತದೆ. ಕೈಯಾಡಿಸಿದರೆ ಒರಟಾಗಿ ಸಿಗುವ ಆ ಹಳದಿ ಮಿಶ್ರಿತ ಪದರವನ್ನು ಹಾಲುಗಲ್ಲು ಎನ್ನುತ್ತಾರೆ. ಸೂಕ್ಷ್ಮಜೀವಿಗಳು ಅದರ ಸಂದಿಯಲ್ಲಿ ಅಡಗಿ ಕೂರುತ್ತವೆ. ಕ್ಯಾನ್ ತೊಳೆದಿದ್ದೇವೆ ಎಂದುಕೊಂಡಿರುತ್ತೇವೆ, ಬೆಳಗಿನ ಹಾಲು ಮಾತ್ರ ಬೇಗ ಹುಳಿಯುತ್ತದೆ.

ಈಗ ಹಲವರು ಮನೆಗೆ ವಾಟರ್ ಸಾಫ್ಟ್‌ನರ್ ಹಾಕಿಸುತ್ತಿದ್ದಾರೆ. ಯಂತ್ರ ಯಾವುದು, ಬೆಲೆ ಎಷ್ಟು ಎಂದು ವಿಚಾರಿಸುವವರು ಬಹಳ. ಪೈಪಿನಲ್ಲಿ ಅದನ್ನು ಎಲ್ಲಿ ಕೂಡಿಸಬೇಕು ಎಂದು ಕೇಳುವವರು ಕಡಿಮೆ. ದುಡ್ಡು ಉಳಿಯುವುದೂ ಹೋಗುವುದೂ ಆ ಜಾಗದ ಮೇಲೆ ನಿಂತಿದೆ.

ಮೊದಲು ನೀರು ಪರೀಕ್ಷೆ ಮಾಡಿಸಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಗಡಸುತನ ನೋಡಿಕೊಡುತ್ತಾರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂವರೆಗೆ ಗಡಸುತನ ಒಪ್ಪಿತ. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಿಮ್ಮ ನೀರು 200ರ ಒಳಗಿದ್ದರೆ ಯಂತ್ರವೇ ಬೇಡ, ಆ ಹಣಕ್ಕೆ ರಬ್ಬರ್ ಮ್ಯಾಟ್ ತನ್ನಿ. ಪೈಪಿಗೆ ಅಯಸ್ಕಾಂತ ಕಟ್ಟಿದರೆ ನೀರು ಮೆದುವಾಗುತ್ತದೆ ಎಂದು ಮಾರುವವರಿದ್ದಾರೆ. ಅದರಿಂದ ಸುಣ್ಣದ ಅಂಶ ನೀರಿನಿಂದ ಹೊರಗೆ ಹೋಗುವುದಿಲ್ಲ.

ಸಾಫ್ಟ್‌ನರಿನ ಒಳಗೆ ಸಾಸಿವೆಗಿಂತ ಸಣ್ಣ ರಾಳದ ಮಣಿಗಳಿರುತ್ತವೆ. ಅವು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರು ಹಾಯಿಸಿ ತೊಳೆದರೆ ಮತ್ತೆ ಕೆಲಸಕ್ಕೆ ಬರುತ್ತವೆ. 25 ಲೀಟರ್ ಮಣಿ ಇರುವ ಯಂತ್ರ, 600 ಗಡಸಿನ ನೀರಾದರೆ, ಸುಮಾರು 2,000 ಲೀಟರ್ ಮೆದು ಮಾಡಿ ಉಪ್ಪು ಕೇಳುತ್ತದೆ. ಪ್ರತಿ ಸಲಕ್ಕೆ ಸುಮಾರು ಮೂರೂವರೆಯಿಂದ ನಾಲ್ಕು ಕಿಲೋ ಬೇಕು.

ಈಗ ಲೆಕ್ಕ ಹಾಕಿ. ಸ್ನಾನ, ಬಟ್ಟೆ, ಕ್ಯಾನ್ ತೊಳೆಯುವುದು ಸೇರಿ ದಿನಕ್ಕೆ 300 ಲೀಟರ್ ಎಂದರೆ ವಾರಕ್ಕೊಮ್ಮೆ ಉಪ್ಪು ಹಾಕಿದರೆ ಸಾಕು. ಎರಡು ಕರೆಯುವ ಹಸುಗಳು ಕುಡಿಯುವ 150 ಲೀಟರ್, ಮೈತೊಳೆದು ಕೊಟ್ಟಿಗೆ ತೊಳೆಯುವ 250 ಲೀಟರ್ ಕೂಡ ಅದೇ ಯಂತ್ರದಿಂದ ಹಾದು ಬಂದರೆ ಮೂರು ದಿನಕ್ಕೊಮ್ಮೆ ಹಾಕಬೇಕಾಗುತ್ತದೆ. ಗಡಸುತನವೊಂದರಿಂದಲೇ ಹಸುವಿಗೆ ತೊಂದರೆಯಿಲ್ಲ, ಹಾಗಾಗಿ ಮೆದು ನೀರು ಕುಡಿಸಿ ಸಿಗುವ ಲಾಭವೂ ಇಲ್ಲ. ಸಗಣಿ ತೊಳೆಯಲು ಮೆದು ನೀರು ಸುರಿಯುವುದಂತೂ ಉಪ್ಪಿನ ಚೀಲವನ್ನೇ ಚರಂಡಿಗೆ ಸುರಿದಂತೆ. ಹುಲ್ಲಿಗೆ, ತರಕಾರಿ ಮಡಿಗೆ ಹಾಯಿಸಿದರೆ ಸೋಡಿಯಂ ಸೇರಿ ಮಣ್ಣು ಬಿಗಿಯುತ್ತದೆ.

ಆದ್ದರಿಂದ ನೀರಿನ ಪೈಪು ಮನೆಗೆ ಬರುವ ದಾರಿಯಲ್ಲಿ ಮೊದಲು ಒಂದು ಟೀ ಹಾಕಿಸಿ. ಒಂದು ಕವಲು ದನದ ತೊಟ್ಟಿಗೆ, ಕೊಟ್ಟಿಗೆಗೆ, ಹಿತ್ತಲಿಗೆ, ಅಡುಗೆಮನೆಯ ಕುಡಿಯುವ ನೀರಿನ ನಲ್ಲಿಗೆ ಹಾಗೇ ಹೋಗಲಿ. ಇನ್ನೊಂದು ಕವಲಿನಲ್ಲಿ ಸಾಫ್ಟ್‌ನರ್ ಇರಲಿ. ಅಲ್ಲಿಂದ ಮುಂದೆ ಬಚ್ಚಲು, ಸೋಲಾರ್ ಅಥವಾ ಗೀಸರ್, ಕ್ಯಾನ್ ತೊಳೆಯುವ ನಲ್ಲಿ. ಸೋಲಾರಿಗೆ ತಣ್ಣೀರು ಹೋಗುವ ಪೈಪಿಗಿಂತ ಹಿಂದೆಯೇ ಯಂತ್ರ ಬರಬೇಕು. ಬಿಸಿನೀರಿನ ಪೈಪಿನಲ್ಲಿ ಕೂಡಿಸಿದರೆ ಯಂತ್ರ ಹಾಳಾಗಬಹುದು. ಕುಡಿಯುವ ನಲ್ಲಿಯನ್ನು ಬೇರೆ ಇಡುವುದಕ್ಕೆ ಇನ್ನೊಂದು ಕಾರಣವಿದೆ. 600 ಗಡಸಿನ ನೀರು ಮೆದುವಾದಾಗ ಲೀಟರಿಗೆ ಸುಮಾರು 275 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಮನೆಯಲ್ಲಿ ಬಿಪಿ ಇರುವ ಅತ್ತೆಯೋ ಮಾವನೋ ಇದ್ದರೆ ಅದು ಸಣ್ಣ ಮಾತಲ್ಲ. ಸಾಫ್ಟ್‌ನರ್ ಫ್ಲೋರೈಡ್ ತೆಗೆಯುವುದಿಲ್ಲ ಎಂಬುದೂ ನೆನಪಿರಲಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹಾಗೆ ಫ್ಲೋರೈಡ್ ಇರುವ ಊರುಗಳಲ್ಲಿ ಕುಡಿಯಲು, ಬೇಳೆ ಬೇಯಿಸಲು ಶುದ್ಧ ನೀರಿನ ಘಟಕದ ಕ್ಯಾನೇ ಸರಿ.

ಒತ್ತಡದ ವಿಷಯದಲ್ಲಿ ಪ್ಲಂಬರ್‌ಗಳೂ ಎಡವುತ್ತಾರೆ. ಹತ್ತು ಮೀಟರ್ ಎತ್ತರದಿಂದ ನೀರು ಬಿದ್ದರೆ ಸಿಗುವುದು ಒಂದು ಬಾರ್ ಒತ್ತಡ. ಒಂದಂತಸ್ತಿನ ಮನೆಯ ಮೇಲಿನ ಟ್ಯಾಂಕಿನಿಂದ ಅರ್ಧ ಬಾರ್ ಕೂಡ ಬರುವುದಿಲ್ಲ. ಎಷ್ಟೋ ಯಂತ್ರಗಳಿಗೆ ಒಂದೂವರೆ, ಎರಡು ಬಾರ್ ಬೇಕು. ಟ್ಯಾಂಕಿನ ಕೆಳಗೆ ಕೂಡಿಸಿದರೆ ನಲ್ಲಿಯಲ್ಲಿ ದಾರದಂತೆ ನೀರು ಬರುತ್ತದೆ, ಉಪ್ಪೂ ಸರಿಯಾಗಿ ತೊಳೆದು ಹೋಗುವುದಿಲ್ಲ. ಒಂದು ದಾರಿ ಎಂದರೆ ಯಂತ್ರದ ಮುಂಚೆ ಚಿಕ್ಕ ಪ್ರೆಶರ್ ಪಂಪ್. ಸಂಪ್ ಇದ್ದವರಿಗೆ ಇನ್ನೊಂದು ದಾರಿಯಿದೆ, ನಮ್ಮ ಮಟ್ಟಿಗೆ ಅದೇ ಮೇಲು: ಸಂಪಿನ ಮೋಟಾರಿನಿಂದ ಮೇಲೆ ಹೋಗುವ ಪೈಪಿನಲ್ಲೇ ಟೀ ಹಾಕಿ, ಒಂದನ್ನು ಹಳೆಯ ಟ್ಯಾಂಕಿಗೂ ಇನ್ನೊಂದನ್ನು ಸಾಫ್ಟ್‌ನರ್ ಮೂಲಕ 500 ಲೀಟರಿನ ಚಿಕ್ಕ ಟ್ಯಾಂಕಿಗೂ ಬಿಡುವುದು. ಮೋಟಾರಿನ ರಭಸ ಯಂತ್ರ ತಾಳುವಷ್ಟೇ ಇರುವಂತೆ ವಾಲ್ವ್ ತಿರುಗಿಸಿಕೊಳ್ಳಬೇಕು. ಇಂಥ ಜೋಡಣೆಗೆ ಕೈಯಿಂದ ತಿರುಗಿಸುವ ವಾಲ್ವಿನ ಯಂತ್ರವೇ ಒಳ್ಳೆಯದು. ತಾನಾಗಿ ತೊಳೆದುಕೊಳ್ಳುವ ಯಂತ್ರಗಳನ್ನು ಸಾಮಾನ್ಯವಾಗಿ ನಡುರಾತ್ರಿಗೆ ಹೊಂದಿಸಿರುತ್ತಾರೆ. ಆಗ ಮೋಟಾರ್ ಓಡದಿದ್ದರೆ, ಕರೆಂಟ್ ಇಲ್ಲದಿದ್ದರೆ ಅದು ತೊಳೆಯುವುದು ಯಾವುದರಿಂದ? ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಪೈಪಿಗೆ ಮಾತ್ರ ನೇರವಾಗಿ ಕೂಡಿಸಬೇಡಿ. ಒತ್ತಡ ಮಿತಿ ಮೀರಬಹುದು, ಮರಳೂ ಬರುತ್ತದೆ. ನೀರು ಕೆಂಪಗೆ ಕರೆ ಕಟ್ಟುವಂತಿದ್ದರೆ ಸಾಫ್ಟ್‌ನರಿಗಿಂತ ಮುಂಚೆ ಕಬ್ಬಿಣದ ಅಂಶ ತೆಗೆಯುವ ಫಿಲ್ಟರ್ ಬೇಕು.

ಯಂತ್ರಕ್ಕೆ ನೆರಳಿರಲಿ. ಉಪ್ಪಿನ ಚೀಲ ಎತ್ತಿ ಸುರಿಯುವವರು ನೀವೇ, ಆದ್ದರಿಂದ ಮಾಳಿಗೆಯ ಮೇಲೆ ಬೇಡ, ನೆಲದ ಮೇಲೇ ಇರಲಿ. ಸುತ್ತ ಮೂರು ವಾಲ್ವಿನ ಬೈಪಾಸ್ ಕಟ್ಟಾಯವಾಗಿ ಹಾಕಿಸಿ. ಯಂತ್ರ ಕೆಟ್ಟ ದಿನವೂ ಸಂಜೆಯ ಕ್ಯಾನ್ ತೊಳೆಯಲೇಬೇಕಲ್ಲ! ತೊಳೆದ ಉಪ್ಪುನೀರು ಹೊರಬರುವ ಪೈಪಿನ ತುದಿ ಚರಂಡಿಯ ನೀರಿಗೆ ಮುಳುಗದೆ ಮೇಲೆ ನಿಲ್ಲಬೇಕು. ಆ ನೀರು ತಿಪ್ಪೆಗುಂಡಿಗೂ ಗೋಬರ್ ಗ್ಯಾಸ್ ತೊಟ್ಟಿಗೂ ನೇಪಿಯರ್ ಹುಲ್ಲಿನ ಸಾಲಿಗೂ ಹೋಗಬಾರದು.

ಕ್ಯಾನಿಗೆ ಈಗಾಗಲೇ ಹಿಡಿದಿರುವ ಹಾಲುಗಲ್ಲು ಮೆದು ನೀರಿಗೆ ಬಿಡುವುದಿಲ್ಲ. ಅದನ್ನು ಒಮ್ಮೆ ಡೈರಿ ಕ್ಯಾನಿಗೆಂದೇ ಇರುವ ಆಮ್ಲದ ಕ್ಲೀನರಿನಿಂದ, ಕೈಗವಸು ಹಾಕಿಕೊಂಡು, ಬೇರೆ ಯಾವ ಪುಡಿಯನ್ನೂ ಬ್ಲೀಚಿಂಗ್ ಅನ್ನೂ ಬೆರೆಸದೆ ತೆಗೆಯಬೇಕು. ಆಮೇಲೆ ಎಂದಿನಂತೆ ಮೊದಲು ಉಗುರುಬೆಚ್ಚಗಿನ ನೀರು, ನಂತರ ಬಿಸಿನೀರು ಮತ್ತು ತೊಳೆಯುವ ಪುಡಿ. ಪುಡಿ ಮೊದಲಿಗಿಂತ ಕಡಿಮೆ ಹಿಡಿಯುವುದು ನಿಮಗೇ ಕಾಣುತ್ತದೆ.

ಪ್ಲಂಬರ್ ಹೊರಡುವ ಮುಂಚೆ ಎರಡು ಬಾಟಲಿ ತಂದು, ಒಂದಕ್ಕೆ ಕ್ಯಾನ್ ನಲ್ಲಿಯ ನೀರು, ಇನ್ನೊಂದಕ್ಕೆ ದನದ ತೊಟ್ಟಿಯ ನಲ್ಲಿಯ ನೀರು ಅರ್ಧ ತುಂಬಿ. ಎರಡಕ್ಕೂ ಒಂದೇ ಅಳತೆಯ ಬಟ್ಟೆ ಸೋಪಿನ ಚೂರು ಹಾಕಿ ಕುಲುಕಿ. ಡಿಟರ್ಜೆಂಟ್ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಕ್ಯಾನ್ ನಲ್ಲಿಯದು ದಟ್ಟ ನೊರೆ ಬಂದು, ತೊಟ್ಟಿಯದು ಮಜ್ಜಿಗೆಯಂತೆ ಒಡೆದು ನಿಂತರೆ ಜೋಡಣೆ ಸರಿಯಿದೆ. ಎರಡರಲ್ಲೂ ನೊರೆ ಬಂದರೆ ಟೀ ತಪ್ಪು ಕಡೆ ಬಿದ್ದಿದೆ. ಹಣ ಕೊಡುವ ಮೊದಲೇ ಬಿಚ್ಚಿಸಿ ಸರಿಮಾಡಿಸಿ.