ಸಾಲಗಳ ಕ್ರೋಡೀಕರಣ: ಅರ್ಜಿ ತಿರಸ್ಕೃತವಾದಾಗ ವರ್ತಕರು ನೋಡಬೇಕಾದ ಲೆಕ್ಕ

ಒಂದೇ ಸಾಲ ಇಟ್ಟುಕೊಂಡು ವ್ಯಾಪಾರ ನಡೆಸುವವರು ಇಂದು ವಿರಳ. ದಾಸ್ತಾನಿನ ಆಧಾರದ ಮೇಲೆ ಬ್ಯಾಂಕಿನ ಕ್ಯಾಷ್ ಕ್ರೆಡಿಟ್, ಮಗಳ ಮದುವೆಗೆಂದು ಪಡೆದ ವೈಯಕ್ತಿಕ ಸಾಲ, ಹಣಕಾಸು ಸಂಸ್ಥೆಯೊಂದರ ವ್ಯಾಪಾರ ಸಾಲ, ಕಾರಿನ ಸಾಲ, ಜೊತೆಗೆ ಒಂದೆರಡು ಕ್ರೆಡಿಟ್ ಕಾರ್ಡು. ಹೀಗೆ ನಾಲ್ಕೈದು ಕಡೆ ಕಂತು ಕಟ್ಟುವ ವರ್ತಕರಿಗೆ, ಇವೆಲ್ಲವನ್ನೂ ತೀರಿಸಿ ಕಡಿಮೆ ಬಡ್ಡಿಯ ಒಂದೇ ದೀರ್ಘಾವಧಿ ಸಾಲವನ್ನಾಗಿ ಮಾಡಿಕೊಳ್ಳುವ ಆಲೋಚನೆ ಬರುವುದು ಸಹಜ. ಇದನ್ನೇ ಸಾಲಗಳ ಕ್ರೋಡೀಕರಣ ಎನ್ನುತ್ತಾರೆ. ಅರ್ಜಿ ತಿರಸ್ಕೃತವಾದಾಗ ಅದರ ಕಾರಣವನ್ನು ಸಿಬಿಲ್ ಅಂಕದಲ್ಲಿಯೋ ಶಾಖಾ ವ್ಯವಸ್ಥಾಪಕರ ಮನೋಧರ್ಮದಲ್ಲಿಯೋ ಹುಡುಕುವುದು ರೂಢಿ. ಆದರೆ ಅನೇಕ ಸಂದರ್ಭಗಳಲ್ಲಿ ಕಾರಣವು ಅರ್ಜಿದಾರರೇ ಸಲ್ಲಿಸಿದ ಕಾಗದಗಳಲ್ಲಿ ಇರುತ್ತದೆ.

ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲು ಒಬ್ಬ ಹಾರ್ಡ್‌ವೇರ್ ವರ್ತಕರ ಕಾಲ್ಪನಿಕ ಲೆಕ್ಕವನ್ನು ಪರಿಶೀಲಿಸಬಹುದು. ವಾರ್ಷಿಕ ವಹಿವಾಟು 1.80 ಕೋಟಿ ರೂಪಾಯಿ. ಹಣ ಬರುವುದು ಬಹುತೇಕ ಬ್ಯಾಂಕಿನ ಮೂಲಕವೇ ಆದುದರಿಂದ, ಅಂದಾಜು ಆದಾಯ ಪದ್ಧತಿಯಲ್ಲಿ ಶೇ. 6ರಂತೆ 10.80 ಲಕ್ಷ ರೂ. ಆದಾಯ ಘೋಷಿಸಿದ್ದಾರೆ. ಕ್ಯಾಷ್ ಕ್ರೆಡಿಟ್ ಮಿತಿ 30 ಲಕ್ಷ. ಖಾತೆಯ ಬಾಕಿ ವರ್ಷವಿಡೀ 29.50 ಲಕ್ಷದ ಆಸುಪಾಸಿನಲ್ಲಿದೆ. ಇದರ ಹೊರತಾಗಿ ವೈಯಕ್ತಿಕ ಸಾಲದ ಬಾಕಿ 7 ಲಕ್ಷ, ಕಂತು 22,000. ಹಣಕಾಸು ಸಂಸ್ಥೆಯ ಬಾಕಿ 9 ಲಕ್ಷ, ಕಂತು 38,000. ಕಾರಿನ ಸಾಲ 4 ಲಕ್ಷ, ಕಂತು 13,000. ಎರಡು ಕಾರ್ಡುಗಳ ಬಾಕಿ 3 ಲಕ್ಷ, ಅದರ ಕನಿಷ್ಠ ಪಾವತಿ 15,000. ಒಟ್ಟು ಬಾಕಿ 23 ಲಕ್ಷ, ತಿಂಗಳ ಹೊರೆ 88,000 ರೂ.

ಅಂಗಡಿಯ ಕಟ್ಟಡವನ್ನು ಅಡಮಾನವಿಟ್ಟು ಶೇ. 11ರ ಬಡ್ಡಿಯಲ್ಲಿ 7 ವರ್ಷದ ಅವಧಿಗೆ 23 ಲಕ್ಷ ರೂ. ಕೇಳುತ್ತಾರೆ. ಕಂತು ಸುಮಾರು 39,400 ರೂ. ಆಗುತ್ತದೆ. ತಿಂಗಳಿಗೆ 48,600 ರೂ. ಉಳಿತಾಯ. ಒಂದು ಕಂತನ್ನೂ ತಪ್ಪಿಸಿಲ್ಲ, ಅಂಕವೂ ಚೆನ್ನಾಗಿದೆ. ಆದರೂ ಅರ್ಜಿ ತಿರಸ್ಕೃತವಾಗುತ್ತದೆ.

"ಎಂಬತ್ತೆಂಟು ಸಾವಿರ ಕಟ್ಟುತ್ತಿರುವವನಿಗೆ ಮೂವತ್ತೊಂಬತ್ತು ಸಾವಿರ ಕಟ್ಟಲು ಆಗದೇ?" ಎಂಬುದು ವರ್ತಕರ ಪ್ರಶ್ನೆ. ಮೇಲ್ನೋಟಕ್ಕೆ ಉತ್ತರವಿಲ್ಲದ ಪ್ರಶ್ನೆ. ಬ್ಯಾಂಕಿನ ಸಾಲ ವಿಭಾಗ ಮಾತ್ರ ಇದನ್ನು ತಿರುಗಿಸಿ ಕೇಳುತ್ತದೆ. ಘೋಷಿತ ಆದಾಯ ತಿಂಗಳಿಗೆ 90,000. ಮನೆ ಖರ್ಚು, ತೆರಿಗೆ, ವಿಮೆಗೆಂದು 50,000 ಕಳೆದರೆ ಉಳಿಯುವುದು 40,000. ಹಾಗಿರುವಾಗ 88,000 ರೂಪಾಯಿ ಎಲ್ಲಿಂದ ಬರುತ್ತಿದೆ?

ಇದಕ್ಕೆ ಎರಡೇ ಉತ್ತರಗಳು ಸಾಧ್ಯ. ಮೊದಲನೆಯದು, ಕಂತುಗಳನ್ನು ವ್ಯಾಪಾರದ ಬಂಡವಾಳದಿಂದಲೇ ಕಟ್ಟಲಾಗುತ್ತಿದೆ ಎಂಬುದು. ತಿಂಗಳಿಗೆ 48,000ದಂತೆ ವರ್ಷಕ್ಕೆ 5.76 ಲಕ್ಷ ರೂ. ಕ್ಯಾಷ್ ಕ್ರೆಡಿಟ್ ಖಾತೆಯಿಂದ, ಸರಬರಾಜುದಾರರ ಬಾಕಿಯಿಂದ, ಕಾರ್ಡಿನಿಂದ ಹೊರಬರುತ್ತಿದೆ. ದಾಸ್ತಾನು ಕರಗುತ್ತದೆ, ಕೊಡಬೇಕಾದ ಬಾಕಿ ಬೆಳೆಯುತ್ತದೆ, ಖಾತೆ ಸದಾ ಮಿತಿಯ ಅಂಚಿನಲ್ಲಿ ನಿಲ್ಲುತ್ತದೆ. ತಪ್ಪದೇ ಕಟ್ಟಿದ ಕಂತುಗಳನ್ನು ವರ್ತಕರು ಸಾಮರ್ಥ್ಯದ ಸಾಕ್ಷಿಯೆಂದು ಮುಂದಿಟ್ಟರೆ, ಬ್ಯಾಂಕು ಅವುಗಳನ್ನೇ ಸಾಲದಿಂದ ಸಾಲ ತೀರಿಸಿದ ಸಾಕ್ಷಿಯೆಂದು ಓದುತ್ತದೆ.

ಎರಡನೆಯದು, ನಿಜವಾದ ಆದಾಯ ಘೋಷಿತ ಆದಾಯಕ್ಕಿಂತ ಹೆಚ್ಚಿದೆ ಎಂಬುದು. ಅಂದಾಜು ಪದ್ಧತಿಯ ಶೇ. 6 ಅಥವಾ 8 ಎಂಬುದು ಕನಿಷ್ಠ ಪ್ರಮಾಣವೇ ಹೊರತು ಕಡ್ಡಾಯ ಪ್ರಮಾಣವಲ್ಲ. ಹೆಚ್ಚು ಗಳಿಸಿದವರು ಹೆಚ್ಚನ್ನೇ ತೋರಿಸಬೇಕು. ತೆರಿಗೆ ಇಲಾಖೆಗೆ ಒಂದು ಲಾಭ, ಬ್ಯಾಂಕಿಗೆ ಇನ್ನೊಂದು ಲಾಭ ಎಂಬ ಹಳೆಯ ಅಭ್ಯಾಸ ಈಗ ನಡೆಯುವುದಿಲ್ಲ. ಆದಾಯ ತೆರಿಗೆ ವಿವರ, ಜಿಎಸ್‌ಟಿ ವಿವರ ಮತ್ತು ಖಾತೆಯ ಜಮೆ ಮೂರನ್ನೂ ಒಂದರ ಪಕ್ಕ ಒಂದಿಟ್ಟು ನೋಡುವುದು ಸಾಲ ವಿಭಾಗಗಳ ನಿತ್ಯದ ಕೆಲಸವಾಗಿದೆ.

ಲಭ್ಯ ಹಣವನ್ನು ಕಂತಿನಿಂದ ಭಾಗಿಸಿದರೆ ಬರುವ ಅನುಪಾತವನ್ನು ಬ್ಯಾಂಕಿನವರು ಡಿ.ಎಸ್.ಸಿ.ಆರ್. ಎನ್ನುತ್ತಾರೆ. ಬ್ಯಾಂಕಿನ ಪೂರ್ಣ ಸೂತ್ರದಲ್ಲಿ ಸವಕಳಿ, ಬಡ್ಡಿಗಳೂ ಸೇರುತ್ತವೆ. ಇಲ್ಲಿ ಸರಳ ರೂಪ ಸಾಕು. 40,000ವನ್ನು 39,400ರಿಂದ ಭಾಗಿಸಿದರೆ 1.02. ಸಾಮಾನ್ಯವಾಗಿ 1.25ರಿಂದ 1.50ರವರೆಗೆ ನಿರೀಕ್ಷಿಸಲಾಗುತ್ತದೆ. ಒಂದು ತಿಂಗಳ ವ್ಯಾಪಾರ ಕುಸಿದರೂ ಕಂತು ತಪ್ಪುವ ಸ್ಥಿತಿ ಇದು.

ಇತರ ಕಾರಣಗಳು

ಮಾಲೀಕತ್ವದ ವ್ಯಾಪಾರದಲ್ಲಿ ಬ್ಯಾಂಕು ಮಾಲೀಕರ ವೈಯಕ್ತಿಕ ಸಾಲ ಇತಿಹಾಸವನ್ನೂ ನೋಡುತ್ತದೆ. ವೈಯಕ್ತಿಕ ಅಂಕ 300ರಿಂದ 900ರವರೆಗೆ ಇದ್ದು ಹೆಚ್ಚಿದ್ದಷ್ಟು ಉತ್ತಮ. ಸಂಸ್ಥೆಗಳಿಗೆ ನೀಡುವ ಸಿಬಿಲ್ ಶ್ರೇಯಾಂಕ 1ರಿಂದ 10ರವರೆಗೆ ಇದ್ದು 1 ಎಂಬುದೇ ಅತ್ಯುತ್ತಮ. ಮಿತ್ರರಿಗೋ ಬಂಧುಗಳಿಗೋ ನೀಡಿದ ಜಾಮೀನು ಮರೆತುಹೋಗಿದ್ದರೂ ವರದಿಯಲ್ಲಿ ಉಳಿದಿರುತ್ತದೆ. ಹಿಂದೆ ರಿಯಾಯಿತಿ ಪಡೆದು ಮುಗಿಸಿದ ಸಾಲ 'ಸೆಟಲ್ಡ್' ಎಂದು ದಾಖಲಾಗಿರುತ್ತದೆ; ಅದು ಪೂರ್ಣ ತೀರಿಸಿದ ಸಾಲಕ್ಕೆ ಸಮನಲ್ಲ. ಆಸ್ತಿಯ ಕಾಗದಗಳ ತೊಡಕು ಬೇರೆ. ಖಾತೆ ತೀರಿಹೋದ ತಂದೆಯವರ ಹೆಸರಿನಲ್ಲಿಯೇ ಇರುವುದು, ವಿಭಾಗ ಪತ್ರ ನೋಂದಣಿಯಾಗದಿರುವುದು, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ ಇ-ಸ್ವತ್ತು ಇಲ್ಲದಿರುವುದು, ಇವು ಅಂಕ ಎಷ್ಟಿದ್ದರೂ ಅರ್ಜಿಯನ್ನು ತಡೆಯುತ್ತವೆ. ಆಧಾರವಿಲ್ಲದೆ ವೈಯಕ್ತಿಕ ಸಾಲದ ರೂಪದಲ್ಲಿ ಕ್ರೋಡೀಕರಣ ಕೇಳುವವರು ಇನ್ನೊಂದನ್ನು ಗಮನಿಸಬೇಕು. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳ ಆಧಾರರಹಿತ ವೈಯಕ್ತಿಕ ಸಾಲಗಳ ಅಪಾಯ ತೂಕವನ್ನು ಶೇ. 100ರಿಂದ 125ಕ್ಕೆ ಏರಿಸಿತು. ಇಂತಹ ಸಾಲಕ್ಕೆ ಬ್ಯಾಂಕು ತನ್ನ ಬಂಡವಾಳವನ್ನು ಹೆಚ್ಚಾಗಿ ಮೀಸಲಿಡಬೇಕಾಯಿತು.

ತಿರಸ್ಕಾರದ ನಂತರ

ಮೊದಲು ಮಾಡಬೇಕಾದುದು ಕಾರಣವನ್ನು ಬರಹದಲ್ಲಿ ಕೇಳುವುದು. 2003ರ ನ್ಯಾಯೋಚಿತ ವ್ಯವಹಾರ ಸಂಹಿತೆಯಲ್ಲಿ 2 ಲಕ್ಷ ರೂ.ವರೆಗಿನ ಸಾಲಗಳಿಗೆ ಮಾತ್ರ ಇದ್ದ ಈ ಸೌಲಭ್ಯವನ್ನು ರಿಸರ್ವ್ ಬ್ಯಾಂಕು 2007ರ ಮಾರ್ಚ್‌ನಲ್ಲಿ ಎಲ್ಲ ಬಗೆಯ ಸಾಲಗಳಿಗೂ ವಿಸ್ತರಿಸಿತು. ಬಾಯಿಮಾತಿನ 'ಆಗುವುದಿಲ್ಲ' ಎಂಬ ಉತ್ತರಕ್ಕೆ ತೃಪ್ತರಾಗಿ ಮರಳುವ ಅಗತ್ಯವಿಲ್ಲ. ಪ್ರತಿ ಸಾಲ ಮಾಹಿತಿ ಕಂಪನಿಯಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಅವಕಾಶ 2017ರಿಂದ ಇದೆ. ತೀರಿದ ಸಾಲ ಬಾಕಿಯೆಂದು ಕಂಡರೆ ದೂರು ಸಲ್ಲಿಸಬಹುದು. 30 ದಿನಗಳಲ್ಲಿ ದೂರು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂ. ಪರಿಹಾರ ನೀಡುವ ನಿಯಮ 2024ರ ಏಪ್ರಿಲ್ 26ರಿಂದ ಜಾರಿಗೆ ಬಂದಿತು.

ಮಾಡಬಾರದ ಕೆಲಸವೆಂದರೆ ಅದೇ ಅರ್ಜಿಯನ್ನು ಹಿಡಿದು ಇನ್ನೂ ನಾಲ್ಕು ಸಂಸ್ಥೆಗಳಿಗೆ ಅಲೆಯುವುದು. ಪ್ರತಿ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ. ಐದನೆಯವರು ಮೊದಲ ನಾಲ್ವರನ್ನು ನೋಡಿಯೇ ಹಿಂದೆ ಸರಿಯುತ್ತಾರೆ. ಆಮೇಲೆ ಉಳಿಯುವುದು ಮೀಟರ್ ಬಡ್ಡಿಯವರ ಬಾಗಿಲು. ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ 2004ರಲ್ಲಿಯೇ ಬಂದಿದ್ದರೂ ಆ ಬಾಗಿಲು ಮುಚ್ಚಿಲ್ಲವೆಂಬುದು ಪೇಟೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿ.

ಕೇಳುವ ಮೊತ್ತವನ್ನೇ ಕಡಿಮೆ ಮಾಡುವುದು ಹೆಚ್ಚು ಫಲಕಾರಿ. ಮೇಲಿನ ಉದಾಹರಣೆಯಲ್ಲಿ ಕಾರನ್ನು ಮಾರಿ ಅದರ 4 ಲಕ್ಷ ತೀರಿಸಿದರೆ ಉಳಿಯುವುದು 19 ಲಕ್ಷ, ಕಂತು ಸುಮಾರು 32,500, ಅನುಪಾತ 1.23. ಓಡದ ಹಳೆಯ ಸರಕನ್ನು ಸಿಕ್ಕ ಬೆಲೆಗೆ ಮಾರಿ, ಹಳೆಯ ಉದ್ರಿಯನ್ನು ವಸೂಲು ಮಾಡಿ ಇನ್ನೆರಡು ಲಕ್ಷವನ್ನು ಕಾರ್ಡುಗಳಿಗೆ ಕಟ್ಟಿದರೆ ಉಳಿಯುವುದು 17 ಲಕ್ಷ, ಕಂತು ಸುಮಾರು 29,100, ಅನುಪಾತ 1.37. ಆದಾಯ ಒಂದು ರೂಪಾಯಿಯೂ ಏರಿಲ್ಲ, ಅರ್ಜಿಯ ಸ್ವರೂಪ ಮಾತ್ರ ಬದಲಾಗಿದೆ. ಕಾರ್ಡುಗಳನ್ನು ರದ್ದುಪಡಿಸುವುದಾಗಿಯೂ, ಹಣವನ್ನು ಬ್ಯಾಂಕೇ ನೇರವಾಗಿ ಹಳೆಯ ಸಾಲದಾತರಿಗೆ ಪಾವತಿಸಬಹುದೆಂದೂ ಬರೆದುಕೊಡುವುದು ಒಳ್ಳೆಯದು. ಕ್ರೋಡೀಕರಣದ ನಂತರ ಕಾರ್ಡುಗಳು ಮತ್ತೆ ತುಂಬುವುದೇ ಬ್ಯಾಂಕಿನ ದೊಡ್ಡ ಭಯ.

ಅಡಮಾನದ ಬಗೆಗೆ ಮನೆಯಲ್ಲಿ ಮೊದಲೇ ಚರ್ಚೆ ನಡೆಯಬೇಕು. ಕಾರ್ಡಿನ ಬಾಕಿಗೆ ಆಸ್ತಿಯ ಆಧಾರ ಇರುವುದಿಲ್ಲ. ಅದನ್ನು ಅಡಮಾನ ಸಾಲಕ್ಕೆ ಸೇರಿಸಿದೊಡನೆ ಕಟ್ಟಡ ಅದಕ್ಕೆ ಹೊಣೆಯಾಗುತ್ತದೆ. 90 ದಿನ ಮೀರಿ ಕಂತು ಬಾಕಿಯಾದರೆ ಖಾತೆ ಅನುತ್ಪಾದಕವಾಗುತ್ತದೆ. ಆನಂತರ 2002ರ ಸರ್ಫೇಸಿ ಕಾಯಿದೆಯಡಿ 60 ದಿನಗಳ ನೋಟೀಸು ನೀಡಿ, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಬ್ಯಾಂಕು ಸ್ವಾಧೀನ ಕ್ರಮ ಕೈಗೊಳ್ಳಬಹುದು. ಮನೆಯನ್ನೇ ಒತ್ತೆಯಿಡುವುದಾದರೆ ಸಹ ಸಾಲಗಾರರಾಗಿ ಸಹಿ ಹಾಕುವ ಪತ್ನಿಗೂ ಮಕ್ಕಳಿಗೂ ಈ ಲೆಕ್ಕವನ್ನು ವಿವರಿಸದೆ ಸಹಿ ಪಡೆಯುವುದು ಸರಿಯಲ್ಲ.

ಖಾತೆ ಈಗಾಗಲೇ ತಡವಾಗುತ್ತಿದ್ದರೆ ಹೊಸ ಸಾಲಕ್ಕಿಂತ ಹಳೆಯ ಸಾಲದ ಪುನರ್ರಚನೆಯನ್ನು ಕೇಳುವುದು ಸೂಕ್ತ. ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ 25 ಕೋಟಿ ರೂ.ವರೆಗಿನ ಸಾಲಗಳಿಗೆ ಪುನಶ್ಚೇತನ ಚೌಕಟ್ಟೊಂದನ್ನು 2015ರಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿತು. 2016ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು ಅದರ ಸೂಚನೆಗಳನ್ನು ನೀಡಿತು. ಬ್ಯಾಂಕುಗಳು ಇದನ್ನು ಪಾಲಿಸಲೇಬೇಕು, ಆದರೆ ಉದ್ದಿಮೆದಾರರೂ ಸಕಾಲದಲ್ಲಿ ದಾಖಲೆ ಸಹಿತ ಕೇಳಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ಹೇಳಿದೆ. ಕೇವಲ ವ್ಯಾಪಾರ ಮಾಡುವವರಿಗೆ 2021ರ ಜುಲೈಯಲ್ಲಿ ದೊರೆತ ಉದ್ಯಮ್ ನೋಂದಣಿಯ ಅವಕಾಶ ಆದ್ಯತಾ ವಲಯದ ಸಾಲದ ಮಟ್ಟಿಗೆ ಸೀಮಿತವಾಗಿತ್ತು. ಆದುದರಿಂದ ವರ್ತಕರು ಈ ಚೌಕಟ್ಟನ್ನೇ ನೆಚ್ಚಿಕೊಳ್ಳದೆ, ತಮ್ಮ ಬ್ಯಾಂಕಿನ ಪುನರ್ರಚನೆ ನೀತಿಯಲ್ಲಿ ಏನಿದೆಯೆಂದು ವಿಚಾರಿಸಬೇಕು.

ಎರಡನೆಯ ಅರ್ಜಿಗೆ ಮುನ್ನ ಹಳೆಯ ಸಾಲಗಳ ಅವಧಿಪೂರ್ವ ಪಾವತಿ ಶುಲ್ಕವನ್ನೂ ನೋಡಬೇಕು. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಣಗೊಂಡ ಬದಲಾಗುವ ಬಡ್ಡಿದರದ ಸಾಲಗಳಿಗೆ ವಾಣಿಜ್ಯ ಬ್ಯಾಂಕುಗಳು ವ್ಯಕ್ತಿಗಳಿಂದಲೂ ಕಿರು ಮತ್ತು ಸಣ್ಣ ಉದ್ದಿಮೆಗಳಿಂದಲೂ ಈ ಶುಲ್ಕ ಪಡೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2025ರ ಜುಲೈಯಲ್ಲಿ ನಿರ್ದೇಶಿಸಿತು. ಸ್ಥಿರ ಬಡ್ಡಿಯ ಸಾಲಗಳಿಗೆ ಕರಾರು ಪತ್ರದಲ್ಲಿ ಬರೆದಿರುವುದೇ ಅನ್ವಯ. 9 ಲಕ್ಷದ ಬಾಕಿಗೆ ಶೇ. 4ರ ಶುಲ್ಕವೆಂದಿದ್ದರೆ 36,000 ರೂ. ಮೇಲಿನಿಂದ ಬೇಕಾಗುತ್ತದೆ, ಅದನ್ನೂ ಕೇಳುವ ಮೊತ್ತದ ಲೆಕ್ಕದಲ್ಲಿ ಸೇರಿಸಿಯೇ ಅರ್ಜಿ ತುಂಬಬೇಕು.