ತಾಟೆ ಮೀನಿನಲ್ಲಿ ಪಾದರಸವೂ ಸೆಲೆನಿಯಮ್ಮೂ

ಕರಾವಳಿಯ ನಮ್ಮ ಕಡೆ ಬಾಣಂತಿಗೆ ಎಳೆಯ ತಾಟೆ ಮೀನಿನ ಸಾರು ಕೊಡುವುದುಂಟು. ಎದೆಹಾಲು ಹೆಚ್ಚುವುದೆಂಬ ನಂಬಿಕೆ. ತಾಟೆಯೆಂದರೆ ಶಾರ್ಕ್, ಕೊಂಕಣಿಯವರ ಮೋರಿ. ಕಳೆದ ವರ್ಷ ಅಕ್ಕನ ಬಾಣಂತನಕ್ಕೆ ಅಜ್ಜಿಯ ಮಾತಿನಂತೆ ಮೀನು ತರಲು ಹೋದವನು ನಾನು. ಎಳೆಯದು ಸಿಗದೆ ದೊಡ್ಡ ತಾಟೆಯ ತುಂಡನ್ನೇ ತಂದೆನು. ಅದು ಸರಿಯೇ ಎಂಬ ಸಂದೇಹ ಆಮೇಲೆ ಹುಟ್ಟಿತು. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಓದಿ ತಿಳಿದುದನ್ನು ಸಹಪಾಠಿಗಳ ಮುಂದಿಡುತ್ತೇನೆ.

ಕಲ್ಲಿದ್ದಲಿನ ಹೊಗೆ, ಚಿನ್ನದ ಗಣಿಗಾರಿಕೆ, ಜ್ವಾಲಾಮುಖಿ ಇವುಗಳಿಂದ ಹೊರಟ ಪಾದರಸವು ಕಡಲನ್ನು ಸೇರುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವನ್ನಾಗಿ ಮಾರ್ಪಡಿಸುತ್ತವೆ. ಇದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ದಾಟುತ್ತಾ ಹೆಚ್ಚುತ್ತದೆ. ಬಹುಕಾಲ ಬದುಕಿ, ಇತರ ಮೀನುಗಳನ್ನು ತಿನ್ನುವ ತಾಟೆಯಲ್ಲಿ ಅದು ಶೇಖರವಾಗುವುದು ಸಹಜ. ಅದು ಮಾಂಸಕ್ಕೇ ಅಂಟಿಕೊಂಡಿರುವುದರಿಂದ ತೊಳೆದರೂ ಹುರಿದರೂ ಹೋಗದು. ಒಣಗಿಸಿದರೆ ನೀರಷ್ಟೇ ಆರಿ, ತೂಕಕ್ಕೆ ಪಾದರಸದ ಪಾಲು ಹೆಚ್ಚುತ್ತದೆ.

ಇದರ ಕೇಡನ್ನು ಲೋಕಕ್ಕೆ ತೋರಿಸಿದ್ದು ಜಪಾನಿನ ಮಿನಮಾಟ. ಕಾರ್ಖಾನೆಯ ಕೊಳೆನೀರು ಸೇರಿದ ಕೊಲ್ಲಿಯ ಮೀನನ್ನು ತಿಂದವರ ನರರೋಗವು 1956ರಲ್ಲಿ ಅಧಿಕೃತವಾಗಿ ಬೆಳಕಿಗೆ ಬಂದಿತು. ತಾಯಿಯಲ್ಲಿ ಲಕ್ಷಣಗಳು ಅಲ್ಪವಾಗಿದ್ದರೂ ಗರ್ಭದಲ್ಲಿದ್ದ ಶಿಶುವಿನ ಮಿದುಳು ಕೆಟ್ಟ ನಿದರ್ಶನಗಳು ಅಲ್ಲಿ ಕಂಡುಬಂದವು. ನಮ್ಮ ಪೇಟೆಯ ತಾಟೆಯನ್ನು ಆ ಮೀನಿಗೆ ಹೋಲಿಸಲಾಗದು. ಆದರೆ ಯಾರಿಗೆ ಅಪಾಯ ಹೆಚ್ಚು ಎಂಬ ಪಾಠ ಒಂದೇ.

ಇಲ್ಲಿ ಸೆಲೆನಿಯಮ್ಮಿನ ವಿಚಾರ ಬರುತ್ತದೆ. ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಅಗತ್ಯವಾದ ಈ ಮೂಲವಸ್ತುವು ಪಾದರಸದೊಡನೆ ಬಲವಾಗಿ ಬೆಸೆದುಕೊಳ್ಳುತ್ತದೆ. ಟ್ಯೂನ ಮೀನಿನಲ್ಲಿರುವ ಸೆಲೆನಿಯಮ್ ಮೀಥೈಲ್ ಪಾದರಸದ ವಿಷವನ್ನು ಕುಗ್ಗಿಸಬಲ್ಲದೆಂದು 1972ರಲ್ಲಿ ಲಾವಕ್ಕಿಗಳ ಮೇಲಿನ ಪ್ರಯೋಗವೊಂದು ಸೂಚಿಸಿತು. ‘ಮೀನಿನಲ್ಲೇ ಮದ್ದಿದೆ, ಭಯವೇಕೆ?’ ಎಂದು ಕೆಲವರು ವಾದಿಸುವುದು ಇದರಿಂದಲೇ. ಆದರೆ ಲೆಕ್ಕ ಅಣುವಿಗೆ ಅಣುವಿನದು. ಬಹುಪಾಲು ಕಡಲಮೀನುಗಳಲ್ಲಿ ಸೆಲೆನಿಯಮ್ಮಿನ ಅಣುಗಳೇ ಹೆಚ್ಚು. ಕೆಲವು ದೊಡ್ಡ ತಾಟೆಗಳಲ್ಲಿ ಮಾತ್ರ ಪಾದರಸವೇ ಮಿಗುತ್ತದೆ. ರಕ್ಷಣೆ ಹೆಚ್ಚು ಬೇಕಾದ ಕಡೆಯೇ ಅದು ಸಾಲದಾಗುತ್ತದೆ!

ಈಗ ಒಂದು ಲೆಕ್ಕ ಮಾಡೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು 2003ರಲ್ಲಿ, ದೇಹತೂಕದ ಕಿಲೋಗ್ರಾಮಿಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸವೆಂದು ಮಿತಿ ಗೊತ್ತುಮಾಡಿತು. 50 ಕಿಲೋ ತೂಗುವ ಹೆಂಗಸಿಗೆ ಅದು 80 ಮೈಕ್ರೋಗ್ರಾಂ. ಅಮೆರಿಕದ ಪರೀಕ್ಷೆಗಳಲ್ಲಿ ತಾಟೆಯ ಪಾದರಸ ಸರಾಸರಿ ಕಿಲೋಗೆ ಸುಮಾರು 1 ಮಿಲಿಗ್ರಾಂ. ಬಹುಪಾಲು ಮೀಥೈಲ್ ರೂಪದಲ್ಲೇ ಇರುವುದರಿಂದ, 80 ಗ್ರಾಂ ಮೀನು ತಿಂದರೆ ವಾರದ ಪಾಲು ಮುಗಿಯಿತು! ಅದೇ ಪರೀಕ್ಷೆಗಳಲ್ಲಿ ಬೂತಾಯಿಯ ಜಾತಿಯ ಸಾರ್ಡೀನ್ ಮೀನಿನಲ್ಲಿದ್ದುದು 0.013 ಮಿಲಿಗ್ರಾಂ ಮಾತ್ರ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಶಾರ್ಕ್ ತಿನ್ನಬಾರದೆಂದು ಆ ದೇಶದ ಸರ್ಕಾರ ಹೇಳುತ್ತದೆ.

ಆದುದರಿಂದ ಮೀನನ್ನೇ ಬಿಡಬೇಕಾಗಿಲ್ಲ, ಮೀನನ್ನು ಆರಿಸಿಕೊಳ್ಳಬೇಕು. ಎಳೆಯದನ್ನೇ ಕೇಳಿದ ಅಜ್ಜಿಯ ಮಾತಿನಲ್ಲಿ ಒಂದು ವಿವೇಕವಿತ್ತು, ಏಕೆಂದರೆ ಎಳೆಯ ಮೀನಿನಲ್ಲಿ ಪಾದರಸ ಕಡಿಮೆ. ತಪ್ಪಿದವನು ದೊಡ್ಡದನ್ನು ತಂದ ನಾನು. ಅಕ್ಕನೂ ಮಗುವೂ ಕ್ಷೇಮವಾಗಿದ್ದಾರೆ. ಇದನ್ನೆಲ್ಲ ವಿವರಿಸಿದಾಗ ಅಜ್ಜಿ ಸಿಟ್ಟಾಗಲಿಲ್ಲ. “ಹಾಗಾದರೆ ನಾಳೆಯಿಂದ ಬೂತಾಯಿಯನ್ನೇ ತಾ ಮಗಾ,” ಎಂದರು.